ಇಎನ್‌ಟಿ ಆಪರೇಷನ್‌ನಲ್ಲಿ ರಕ್ತಸ್ರಾವ ತಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟಾನ್ಸಿಲ್ ಇರಲಿ, ಸೈನಸ್ ಇರಲಿ, ಕಿವಿ ತಮಟೆ ಇರಲಿ, ಆಪರೇಷನ್ ಎಂದ ಕೂಡಲೇ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು ಒಂದೇ: "ರಕ್ತ ಜಾಸ್ತಿ ಹೋಗುತ್ತಾ ಡಾಕ್ಟ್ರೇ?" ಹೊರರೋಗಿ ವಿಭಾಗದ ಗಡಿಬಿಡಿಯಲ್ಲಿ ಇದಕ್ಕೆ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ರೋಗಿಗಳು, ಅವರ ಕಡೆಯವರು ಮತ್ತು ಹೊಸದಾಗಿ ಆಪರೇಷನ್ ಥಿಯೇಟರ್‌ಗೆ ಬಂದ ನರ್ಸಿಂಗ್ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಿಮ್ಮ ಮಾತ್ರೆ, ನಿಮ್ಮ ಕಾಯಿಲೆಯ ವಿಷಯಕ್ಕೆ ಬಂದರೆ ನಿಮ್ಮನ್ನು ನೋಡುತ್ತಿರುವ ಡಾಕ್ಟರ್ ಹೇಳಿದ್ದೇ ಕೊನೆ.

ಇಷ್ಟು ಚಿಕ್ಕ ಜಾಗದ ಆಪರೇಷನ್. ರಕ್ತದ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ?

ಜಾಗ ಚಿಕ್ಕದು ಅನ್ನುವುದೇ ಕಾರಣ. ಹೊಟ್ಟೆಯ ದೊಡ್ಡ ಆಪರೇಷನ್‌ನಲ್ಲಿ 50 ಮಿ.ಲೀ. ರಕ್ತ ಹೋದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸೈನಸ್ ಅಂದರೆ ಮೂಗಿನ ಸುತ್ತಲಿನ ಮೂಳೆಯೊಳಗಿನ ಟೊಳ್ಳು. ಅದರ ಆಪರೇಷನ್‌ನಲ್ಲಿ ನಾವು ನೋಡುವುದು ಸುಮಾರು 4 ಮಿ.ಮೀ. ದಪ್ಪದ ಎಂಡೋಸ್ಕೋಪ್ ಎಂಬ ದುರ್ಬೀನಿನ ತುದಿಯಿಂದ. ಅದರ ಗಾಜಿನ ಮೇಲೆ ಒಂದೇ ಒಂದು ಹನಿ ಬಿದ್ದರೂ ಟಿವಿ ಪರದೆ ಪೂರ್ತಿ ಕೆಂಪಾಗುತ್ತದೆ. ಕಣ್ಣಿನ ಗುಳಿಗೂ ಸೈನಸ್‌ಗೂ ನಡುವೆ ಇರುವ ಮೂಳೆ ಒಂದು ಮಿಲಿಮೀಟರ್‌ನಷ್ಟೂ ದಪ್ಪ ಇಲ್ಲ. ಮೇಲ್ಗಡೆ ಮೆದುಳು, ಹಿಂದೆ ದೊಡ್ಡ ರಕ್ತನಾಳ. ಅಂಥ ಕಡೆ ಕಾಣದೆ ಕೈ ಆಡಿಸುವ ಹಾಗಿಲ್ಲ. ರೋಗಿಗೆ ರಕ್ತ ಕಡಿಮೆಯಾಗುತ್ತದೆ ಎಂಬ ಭಯಕ್ಕಿಂತ ಸರ್ಜನ್‌ಗೆ ದಾರಿ ಕಾಣದೆ ಹೋಗುತ್ತದೆ ಎಂಬ ಭಯವೇ ಇಲ್ಲಿ ದೊಡ್ಡದು.

ಇನ್ನೊಂದು ಕಾರಣ ಉಸಿರಿನ ದಾರಿ. ಬಾಯಿ, ಮೂಗು, ಗಂಟಲಿನಲ್ಲಿ ಸುರಿದ ರಕ್ತ ನೇರವಾಗಿ ಶ್ವಾಸನಾಳದ ಬಾಗಿಲಿಗೇ ಹೋಗಿ ನಿಲ್ಲುತ್ತದೆ. ಕೈಯಲ್ಲೋ ಕಾಲಲ್ಲೋ ಬರುವ ರಕ್ತಕ್ಕೆ ಈ ಅಪಾಯ ಇಲ್ಲ, ಅಲ್ವಾ?

ಮೂಗಿಗೆ ಅಷ್ಟೊಂದು ರಕ್ತ ಎಲ್ಲಿಂದ ಬರುತ್ತದೆ?

ಎರಡು ಕಡೆಯಿಂದ. ಕತ್ತಿನಲ್ಲಿ ಮೇಲೆ ಹೋಗುವ ಕ್ಯಾರೋಟಿಡ್ ರಕ್ತನಾಳ ಎರಡಾಗಿ ಒಡೆಯುತ್ತದೆ. ಒಂದು ಮೆದುಳಿನ ಕಡೆಗೆ, ಇನ್ನೊಂದು ಮುಖದ ಕಡೆಗೆ. ಮೂಗಿಗೆ ಎರಡರಿಂದಲೂ ಕವಲುಗಳಿವೆ. ಹಿಂದಿನಿಂದ ಬರುವ ಸ್ಫೀನೋಪ್ಯಾಲಟೈನ್ ನಾಳ ದೊಡ್ಡ ಪಾಲು ಕೊಡುತ್ತದೆ. ಕಣ್ಣಿನ ಗುಳಿಯ ಮೂಲಕ ಮೇಲಿನಿಂದ ಎಥ್ಮಾಯ್ಡ್ ನಾಳಗಳು ಇಳಿಯುತ್ತವೆ. ಮೂಗಿನ ನಡುಗೋಡೆಯ ಮುಂಭಾಗದಲ್ಲಿ ಇವೆಲ್ಲ ಒಂದಕ್ಕೊಂದು ಸೇರಿ ಬಲೆ ಕಟ್ಟಿಕೊಂಡಿವೆ. ಮಕ್ಕಳಿಗೆ ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಬರುವುದು ಬಹುಪಾಲು ಅಲ್ಲಿಂದಲೇ. ಎರಡು ಮೂಲ ಇರುವುದರಿಂದ ಒಂದು ಕಡೆ ಕಟ್ಟಿದರೂ ಇನ್ನೊಂದು ಕಡೆಯಿಂದ ರಕ್ತ ಬರುತ್ತಲೇ ಇರಬಹುದು.

ರಕ್ತ ಪರೀಕ್ಷೆ ಎಲ್ಲ ನಾರ್ಮಲ್ ಬಂದಿದೆ. ಮತ್ತೆ ಡಾಕ್ಟರ್ ಹತ್ತಾರು ಪ್ರಶ್ನೆ ಕೇಳುವುದು ಯಾಕೆ?

ಪರೀಕ್ಷೆಗೆ ಸಿಗದ ತೊಂದರೆ ಮಾತಿನಲ್ಲಿ ಸಿಗುತ್ತದೆ. ವಾನ್ ವಿಲ್ಲೆಬ್ರಾಂಡ್ ಎಂಬ ಕಾಯಿಲೆಯನ್ನೇ ನೋಡಿ. ಹುಟ್ಟಿನಿಂದ ಬರುವ ರಕ್ತಸ್ರಾವದ ತೊಂದರೆಗಳಲ್ಲಿ ಇದೇ ಹೆಚ್ಚು ಸಾಮಾನ್ಯ. ಇದರ ಸೌಮ್ಯ ರೂಪ ಇರುವವರಿಗೆ ರಕ್ತ ಹೆಪ್ಪುಗಟ್ಟುವ ಮಾಮೂಲಿ ಪರೀಕ್ಷೆಗಳು ಸರಿಯಾಗಿಯೇ ಬರಬಹುದು. ಆಪರೇಷನ್ ಟೇಬಲ್ ಮೇಲೆ ಮಾತ್ರ ರಕ್ತ ನಿಲ್ಲುವುದಿಲ್ಲ.

ಅದಕ್ಕೇ ಕೇಳುತ್ತೇವೆ. ಹಲ್ಲು ಕೀಳಿಸಿದಾಗ ಎಷ್ಟು ಹೊತ್ತು ರಕ್ತ ಬಂತು? ಚಿಕ್ಕ ಪೆಟ್ಟಿಗೂ ಮೈ ನೀಲಿಗಟ್ಟುತ್ತದಾ? ಮುಟ್ಟಿನ ರಕ್ತ ತೀರಾ ಜಾಸ್ತಿಯಾ? ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಹೀಗೆ ಇತ್ತಾ? ಮಗುವಿಗೆ ಇದೇ ಮೊದಲ ಆಪರೇಷನ್ ಆದರೆ ಮನೆಯವರ ಚರಿತ್ರೆಯೇ ನಮಗೆ ದಾರಿ ತೋರಿಸಬೇಕು. ದಯವಿಟ್ಟು ಇದಕ್ಕೆ ಸುಮ್ನೆ "ಏನೂ ಇಲ್ಲ" ಎಂದು ಹೇಳಿ ಮುಗಿಸಬೇಡಿ. ಮೊದಲೇ ಗೊತ್ತಾದರೆ ಡೆಸ್ಮೋಪ್ರೆಸಿನ್ ಎಂಬ ಔಷಧಿ ಅಥವಾ ರಕ್ತದಲ್ಲಿ ಕೊರತೆ ಇರುವ ಅಂಶವನ್ನೇ ಕೊಟ್ಟು ಸುರಕ್ಷಿತವಾಗಿ ಆಪರೇಷನ್ ಮಾಡಬಹುದು.

ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದೇನೆ. ನಾನೇ ನಿಲ್ಲಿಸಿಬಿಡಲಾ?

ಬೇಡ. ಖಂಡಿತ ಬೇಡ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಹಠಾತ್ತಾಗಿ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಅದು ಆಪರೇಷನ್‌ನ ರಕ್ತಸ್ರಾವಕ್ಕಿಂತ ಎಷ್ಟೋ ಪಾಲು ಅಪಾಯದ್ದು. ನಿಲ್ಲಿಸಬೇಕಾ, ಎಷ್ಟು ದಿನ ಮುಂಚೆ, ಬದಲಿಗೆ ಬೇರೆ ಏನಾದರೂ ಬೇಕಾ ಎಂಬುದನ್ನು ಹೃದಯದ ಡಾಕ್ಟರ್, ಅರಿವಳಿಕೆ ಡಾಕ್ಟರ್ ಮತ್ತು ಸರ್ಜನ್ ಸೇರಿ ತೀರ್ಮಾನ ಮಾಡುತ್ತಾರೆ. ತಡವಾದರೂ ಪರವಾಗಿಲ್ಲದ ಆಪರೇಷನ್ ಆದರೆ ಅದನ್ನೇ ಕೆಲವು ತಿಂಗಳು ಮುಂದಕ್ಕೆ ಹಾಕುವುದೂ ಉಂಟು.

ಎಷ್ಟು ದಿನ ಎಂಬುದರ ಹಿಂದಿನ ಲೆಕ್ಕ ಮಾತ್ರ ತಿಳಿದಿರಲಿ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ ಪ್ಲೇಟ್‌ಲೆಟ್. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಮತ್ತೆ ಸರಿಹೋಗುವುದಿಲ್ಲ. ಪ್ಲೇಟ್‌ಲೆಟ್‌ನ ಆಯಸ್ಸು 7ರಿಂದ 10 ದಿನ. ಹಾಗಾಗಿ ಹೊಸವು ಹುಟ್ಟಿ ಬರಲು ಸುಮಾರು ಒಂದು ವಾರ ಬೇಕು. ವಾರ್ಫರಿನ್ ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸಿ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್ಆರ್ ಪರೀಕ್ಷೆ ಮಾಡಿ ನೋಡುತ್ತಾರೆ. ಈಚಿನ ಅಪಿಕ್ಸಬಾನ್, ರಿವರಾಕ್ಸಬಾನ್‌ಗಳು ಬೇಗ ಇಳಿಯುತ್ತವೆ, ಆದರೆ ಕಿಡ್ನಿ ಸರಿ ಇಲ್ಲದವರಲ್ಲಿ ನಿಧಾನ.

ಎಷ್ಟೋ ಜನ ಹೇಳುವುದನ್ನೇ ಮರೆಯುವ ಸಂಗತಿ ಇನ್ನೊಂದಿದೆ. ಮೀನಿನ ಎಣ್ಣೆಯ ಕ್ಯಾಪ್ಸೂಲ್, ವಿಟಮಿನ್ ಇ, ಗಿಂಕೊ ಎಂಬ ಗಿಡಮೂಲಿಕೆ, ಬೆಳ್ಳುಳ್ಳಿ ಸಾರದ ಗುಳಿಗೆ, ಮಂಡಿನೋವಿಗೆ ಅಂಗಡಿಯಿಂದ ತಂದ ಮಾತ್ರೆ. "ಅದು ಔಷಧಿ ಅಲ್ಲ" ಎಂದು ಪಟ್ಟಿಯಿಂದ ಬಿಡಬೇಡಿ. ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಬಂದು ತೋರಿಸಿದರೆ ಇನ್ನೂ ಒಳ್ಳೆಯದು.

ಮೂಗಿನ ಪಾಲಿಪ್ ಆಪರೇಷನ್‌ಗೆ ಮುಂಚೆ ಸ್ಟೀರಾಯ್ಡ್ ಬರೆದುಕೊಟ್ಟಿದ್ದಾರೆ. ಬೇಕಾ?

ಪಾಲಿಪ್ ಅಂದರೆ ಊತದಿಂದ ಜೋತುಬಿದ್ದ ಪೊರೆ. ಊದಿಕೊಂಡ ಪೊರೆ ಮುಟ್ಟಿದರೆ ಸಾಕು, ರಕ್ತ ಜಿನುಗುತ್ತದೆ. ಕೆಲವು ದಿನದ ಸ್ಟೀರಾಯ್ಡ್ ಊತ ಇಳಿಸುತ್ತದೆ. ಆಪರೇಷನ್ ಜಾಗ ಚೊಕ್ಕಟವಾಗಿ ಕಾಣುತ್ತದೆ, ಸಮಯವೂ ಉಳಿಯುತ್ತದೆ. ಶುಗರ್, ಹೊಟ್ಟೆ ಹುಣ್ಣು, ಕಣ್ಣಿನ ಒತ್ತಡ ಇರುವವರು ಮೊದಲೇ ಹೇಳಬೇಕು.

ಅರಿವಳಿಕೆಗೂ ರಕ್ತಸ್ರಾವಕ್ಕೂ ಏನು ಸಂಬಂಧ?

ನನ್ನ ಅನಿಸಿಕೆ ಹೇಳುತ್ತೇನೆ. ಸೈನಸ್ ಆಪರೇಷನ್ ಚೊಕ್ಕಟವಾಗಿ ಆದರೆ ಅದರಲ್ಲಿ ಅರ್ಧ ಶ್ರೇಯ ರೋಗಿಯ ತಲೆಯ ಬಳಿ ಕೂತಿರುವ ಅರಿವಳಿಕೆ ಡಾಕ್ಟರ್‌ಗೆ ಸೇರಬೇಕು. ಹೊರಗಿನವರಿಗೆ ಇದು ಕಾಣುವುದೇ ಇಲ್ಲ.

ಮೂಗಿನಲ್ಲಿ ನಮ್ಮನ್ನು ಕಾಡುವುದು ಚಿಮ್ಮುವ ರಕ್ತ ಅಲ್ಲ, ಜಿನುಗುವ ರಕ್ತ. ಚಿಮ್ಮುವ ನಾಳ ಕಣ್ಣಿಗೆ ಕಾಣುತ್ತದೆ, ಹಿಡಿದು ಮುಚ್ಚಬಹುದು. ಮಳೆಗಾಲದಲ್ಲಿ ಗೋಡೆ ಒಸರುವ ಹಾಗೆ ಪೊರೆಯೆಲ್ಲ ಜಿನುಗಿದರೆ ಯಾವುದನ್ನು ಅಂತ ಹಿಡಿಯುವುದು? ಈ ಜಿನುಗುವಿಕೆ ಹೃದಯದ ಬಡಿತ, ರಕ್ತದ ಒತ್ತಡ, ತಲೆಯ ಎತ್ತರ, ಬಳಸಿದ ಔಷಧಿ ಇವೆಲ್ಲದರ ಜೊತೆ ಏರುತ್ತದೆ, ಇಳಿಯುತ್ತದೆ.

ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳು ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಅದರ ಬದಲು ಪ್ರೊಪೊಫಾಲ್ ಮತ್ತು ರೆಮಿಫೆಂಟನಿಲ್ ಎಂಬ ಔಷಧಿಗಳನ್ನು ಪಂಪ್ ಇಟ್ಟು ಪೂರ್ತಿ ರಕ್ತನಾಳದ ಮೂಲಕವೇ ಕೊಟ್ಟರೆ ಹೃದಯ ನಿಧಾನಕ್ಕೆ, ಒಂದೇ ಹದದಲ್ಲಿ ಬಡಿಯುತ್ತದೆ. ಬಡಿತ ನಿಮಿಷಕ್ಕೆ 60ರ ಆಸುಪಾಸಿಗೆ ಬಂದಾಗ ಮೂಗಿನ ಒಳಗಿನ ಚಿತ್ರವೇ ಬೇರೆಯಾಗುತ್ತದೆ. ಸೈನಸ್ ಆಪರೇಷನ್‌ಗೆ ನಾನು ಯಾವಾಗಲೂ ಈ ವಿಧಾನವನ್ನೇ ಕೇಳುತ್ತೇನೆ.

ಟೇಬಲ್‌ನ ತಲೆಯ ಕಡೆಯನ್ನು 15ರಿಂದ 20 ಡಿಗ್ರಿ ಎತ್ತರಿಸುವುದೂ ಇದರ ಜೊತೆಗೇ ಬರುತ್ತದೆ. ಖರ್ಚಿಲ್ಲದ ಕೆಲಸ. ಮೂಗು ಹೃದಯಕ್ಕಿಂತ 10 ಸೆಂ.ಮೀ. ಮೇಲಿದ್ದರೆ ಅಲ್ಲಿನ ರಕ್ತದ ಒತ್ತಡ ಸುಮಾರು 7-8 ಮಿ.ಮೀ.ನಷ್ಟು (ಬಿಪಿ ಅಳೆಯುವ ಪಾದರಸದ ಲೆಕ್ಕದಲ್ಲಿ) ಇಳಿಯುತ್ತದೆ. ಮೂಗಿನ ಸಿರೆಗಳಲ್ಲಿ ರಕ್ತ ನಿಲ್ಲದೆ ಕೆಳಗೆ ಹರಿದುಹೋಗುತ್ತದೆ. ಯಾರಾದರೂ ಟೇಬಲ್ ಸಮ ಮಾಡಿ ಮರೆತರೆ ಪರದೆ ನೋಡಿಯೇ ಗೊತ್ತಾಗಿಬಿಡುತ್ತದೆ.

ಬಿಪಿ ಇಳಿಸಿ ಆಪರೇಷನ್ ಮಾಡುತ್ತಾರಂತೆ. ಅಪಾಯ ಅಲ್ವಾ?

ತುಂಬಾ ಇಳಿಸಿದರೆ ಅಪಾಯವೇ. ಮೆದುಳು, ಹೃದಯ, ಕಿಡ್ನಿಗೆ ಬೇಕಾದಷ್ಟು ರಕ್ತ ಹೋಗಲೇಬೇಕು. ಆರೋಗ್ಯವಂತ ವಯಸ್ಕರಲ್ಲಿ ಸರಾಸರಿ ಒತ್ತಡವನ್ನು 60-70 ಮಿ.ಮೀ. ಆಸುಪಾಸಿನಲ್ಲಿ ಇಡುವುದು ರೂಢಿ. ಮೊದಲೇ ಬಿಪಿ ಇರುವವರಲ್ಲಿ, ವಯಸ್ಸಾದವರಲ್ಲಿ, ಪಾರ್ಶ್ವವಾಯು ಆಗಿದ್ದವರಲ್ಲಿ ಅಷ್ಟು ಇಳಿಸುವುದಿಲ್ಲ.

ಒಂದು ಹಳೆಯ ಅಧ್ಯಯನ ಇಲ್ಲಿ ನೆನಪಾಗುತ್ತದೆ. 1995ರಲ್ಲಿ ಬೋಜಾರ್ಟ್ ಮತ್ತು ಜೊತೆಗಾರರು ಸೈನಸ್ ಆಪರೇಷನ್‌ನಲ್ಲಿ ಎರಡು ಔಷಧಿಗಳನ್ನು ಹೋಲಿಸಿದರು. ಒಂದು ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುವ ನೈಟ್ರೊಪ್ರುಸೈಡ್. ಇನ್ನೊಂದು ಹೃದಯದ ಬಡಿತ ತಗ್ಗಿಸುವ ಎಸ್ಮೊಲಾಲ್. ಬಿಪಿ ಅಷ್ಟೇನೂ ಇಳಿಯದಿದ್ದರೂ ಎಸ್ಮೊಲಾಲ್ ಕೊಟ್ಟವರಲ್ಲಿ ಮೂಗಿನ ಒಳಗೆ ಚೆನ್ನಾಗಿ ಕಾಣುತ್ತಿತ್ತು. ಬಿಪಿಯ ಅಂಕಿ ಇಳಿಸುವುದೊಂದೇ ಗುರಿ ಆಗಬಾರದು, ನಾಳ ಹಿಗ್ಗದ ಹಾಗೆ, ಬಡಿತ ನಿಧಾನ ಇರುವ ಹಾಗೆ ನೋಡಿಕೊಳ್ಳಬೇಕು ಎಂದು ಅಲ್ಲಿಂದ ಕಲಿತೆವು. ಅದೇ ಅಧ್ಯಯನದ 0ಯಿಂದ 5ರವರೆಗಿನ ಅಳತೆಯನ್ನು ಇವತ್ತಿಗೂ ಬಳಸುತ್ತೇವೆ. ಸೊನ್ನೆ ಅಂದರೆ ರಕ್ತವೇ ಇಲ್ಲ. 3 ಅಂದರೆ ಆಗಾಗ ಸಕ್ಷನ್ (ರಕ್ತ ಹೀರುವ ನಳಿಕೆ) ಬೇಕು, ಸಕ್ಷನ್ ತೆಗೆದ ಕೆಲವೇ ಸೆಕೆಂಡಿಗೆ ಜಾಗ ಮತ್ತೆ ತುಂಬಿಕೊಳ್ಳುತ್ತದೆ. 5 ಅಂದರೆ ಸಕ್ಷನ್ ಎಳೆಯುವುದಕ್ಕಿಂತ ಬೇಗ ರಕ್ತ ಬರುತ್ತಿದೆ, ಕೆಲಸ ಮುಂದುವರಿಸಲು ಆಗುವುದಿಲ್ಲ.

ಮೂಗಿಗೆ ಹತ್ತಿ ಪಟ್ಟಿ ತುಂಬಿ ಸುಮ್ಮನೆ ಕಾಯುತ್ತಾರಲ್ಲ, ಅದರಲ್ಲಿ ಏನಿರುತ್ತದೆ?

ಬಹುಪಾಲು ಅಡ್ರಿನಲಿನ್. ರಕ್ತನಾಳಗಳನ್ನು ಬಿಗಿಯಾಗಿ ಹಿಂಡುವ ಔಷಧಿ ಇದು. ಕೆಲವರು ಅದೇ ಕೆಲಸ ಮಾಡುವ ಆಕ್ಸಿಮೆಟಾಜೋಲಿನ್ ಬಳಸುತ್ತಾರೆ. ಪಟ್ಟಿ ಇಟ್ಟ ಮೇಲೆ ತಿಳಿಗುಲಾಬಿ ಪೊರೆ ಬಿಳಿಚಿಕೊಂಡು ಕುಗ್ಗುವುದನ್ನು ಪರದೆಯ ಮೇಲೆ ಕಣ್ಣಾರೆ ನೋಡಬಹುದು.

ಇದರಲ್ಲಿ ಎರಡು ಬಗೆ ಇವೆ. ಈ ವಿಷಯದಲ್ಲಿ ಥಿಯೇಟರ್‌ನಲ್ಲಿ ಇರುವ ಎಲ್ಲರೂ ಎಚ್ಚರವಾಗಿರಬೇಕು. ಹತ್ತಿ ಪಟ್ಟಿಯಲ್ಲಿ ನೆನೆಸಿ ಇಡುವ ದ್ರವ ತುಂಬಾ ಗಾಢ, ಸಾವಿರಕ್ಕೆ ಒಂದರಷ್ಟು. ಸೂಜಿಯಿಂದ ಚುಚ್ಚುವುದು ಒಂದು ಲಕ್ಷಕ್ಕೆ ಒಂದು ಅಥವಾ ಎರಡು ಲಕ್ಷಕ್ಕೆ ಒಂದರಷ್ಟು ತೆಳು. ಎರಡೂ ನೋಡಲು ನೀರಿನ ಹಾಗೇ ಇರುತ್ತವೆ. ಗಾಢವಾದದ್ದು ತಪ್ಪಿ ಸಿರಿಂಜಿಗೆ ಹೋದರೆ ಹೃದಯವೇ ನಿಂತುಹೋಗಬಹುದು. ಅದಕ್ಕೇ ಹಲವರು ಪಟ್ಟಿಯ ದ್ರವಕ್ಕೆ ಫ್ಲೋರೆಸಿನ್ ಎಂಬ ಹಳದಿ ಬಣ್ಣ ಬೆರೆಸಿಡುತ್ತಾರೆ. ಚುಚ್ಚುವುದು ಬಣ್ಣ ಇಲ್ಲದ್ದು, ನೆನೆಸುವುದು ಹಳದಿ. ಬಟ್ಟಲಿಗೆ ಚೀಟಿ, ಸಿರಿಂಜಿಗೆ ಚೀಟಿ, ಕೊಡುವಾಗ ಗಟ್ಟಿಯಾಗಿ ಹೆಸರು ಹೇಳಿ ಕೊಡುವುದು. ಎಷ್ಟೇ ಅವಸರ ಇದ್ದರೂ ಇದನ್ನು ಬಿಡಬಾರದು.

ಕಾಯುವುದರ ಬಗ್ಗೆ ಹೇಳುವುದಾದರೆ, ಚುಚ್ಚಿದ ಔಷಧಿ ಸರಿಯಾಗಿ ಹಿಡಿಯಲು ಕನಿಷ್ಠ 7-10 ನಿಮಿಷ ಬೇಕು. ಆ ಹತ್ತು ನಿಮಿಷ ಕಾಯಲು ತಾಳ್ಮೆ ಇಲ್ಲದೆ ಕತ್ತರಿಸಲು ಶುರು ಮಾಡಿದವರು ಆಮೇಲೆ ಗಂಟೆಗಟ್ಟಲೆ ರಕ್ತದ ಜೊತೆ ಗುದ್ದಾಡುತ್ತಾರೆ.

ಅರಿವಳಿಕೆ ಕಲಿಯುತ್ತಿರುವವರಿಗೆ ಒಂದು ಮಾತು. ಅಡ್ರಿನಲಿನ್ ರಕ್ತಕ್ಕೆ ಸೇರಿ ಬಿಪಿ ಒಮ್ಮೆಲೇ ಏರಿದರೆ ಗಾಬರಿಯಲ್ಲಿ ಬೀಟಾ ಬ್ಲಾಕರ್ (ಎಸ್ಮೊಲಾಲ್‌ನಂಥ ಬಡಿತ ತಗ್ಗಿಸುವ ಔಷಧಿ) ಕೊಡಬೇಡಿ. ಹಿಂಡಿಕೊಂಡ ನಾಳಗಳ ಎದುರು ಹೃದಯದ ಶಕ್ತಿಯನ್ನೇ ಕಿತ್ತುಕೊಂಡ ಹಾಗಾಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಪಟ್ಟಿ ತೆಗೆಯಿರಿ, ಅರಿವಳಿಕೆ ಗಾಢ ಮಾಡಿ, ಬೇಕಾದರೆ ನಾಳ ಹಿಗ್ಗಿಸುವ ಔಷಧಿ ಕೊಡಿ. ಹೆಚ್ಚಿನ ಸಲ ಕೆಲವೇ ನಿಮಿಷದಲ್ಲಿ ಅದು ತಾನಾಗಿ ಇಳಿಯುತ್ತದೆ.

ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರೆ ರಕ್ತ ಹೆಪ್ಪುಗಟ್ಟಿ ಬೇರೆ ಕಡೆ ತೊಂದರೆ ಆಗುವುದಿಲ್ಲವಾ?

ಈ ಔಷಧಿ ಹೊಸ ಹೆಪ್ಪು ಕಟ್ಟುವುದಿಲ್ಲ. ಕಟ್ಟಿದ ಹೆಪ್ಪು ಕರಗದ ಹಾಗೆ ಕಾಯುತ್ತದೆ. ಬಾಯಿಯ ಜೊಲ್ಲಿನಲ್ಲಿ ಹೆಪ್ಪು ಕರಗಿಸುವ ಗುಣ ಇರುವುದರಿಂದ ನಮ್ಮ ಕೆಲಸಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. 1962ರಲ್ಲಿ ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಒಕಾಮೊಟೊ ಇದನ್ನು ಕಂಡುಹಿಡಿದರು. ಹೆರಿಗೆಯ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ತಡೆಯಬೇಕು ಎಂಬುದು ಉತಾಕೊ ಅವರ ಆಸೆಯಾಗಿತ್ತು. ವಯಸ್ಕರಿಗೆ ಸಾಮಾನ್ಯವಾಗಿ 1 ಗ್ರಾಂ ಡ್ರಿಪ್‌ನಲ್ಲಿ ನಿಧಾನವಾಗಿ ಕೊಡುತ್ತಾರೆ. ಈಚೆಗೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ, ಫಿಟ್ಸ್ ಇರುವವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಯೋಚಿಸಿ ಕೊಡಬೇಕು.

"ಸುಟ್ಟು ರಕ್ತ ನಿಲ್ಲಿಸುತ್ತೇವೆ" ಅಂದರೆ ಏನು? ಗಾಯ ಆಗುವುದಿಲ್ಲವಾ?

ಕಾಟರಿ ಎಂದು ಕರೆಯುತ್ತೇವೆ. ವಿದ್ಯುತ್ತಿನ ಬಿಸಿಯಿಂದ ರಕ್ತನಾಳದ ಬಾಯಿ ಮುಚ್ಚಿಹೋಗುತ್ತದೆ. ಬೋವಿ ಎಂಬುವವರು ಮಾಡಿದ ಯಂತ್ರವನ್ನು 1926ರಲ್ಲಿ ಅಮೆರಿಕದ ಸರ್ಜನ್ ಹಾರ್ವೆ ಕುಶಿಂಗ್ ಮೆದುಳಿನ ಆಪರೇಷನ್‌ಗೆ ಬಳಸಿದ ಮೇಲೆ ಇದು ಎಲ್ಲ ಕಡೆ ಹಬ್ಬಿತು. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಬೈಪೋಲಾರ್. ಚಿಮಟಿಗೆಯ ಎರಡು ತುದಿಗಳ ನಡುವೆ ಮಾತ್ರ ಕರೆಂಟ್ ಹರಿಯುತ್ತದೆ, ಪಕ್ಕದ ನರಕ್ಕೆ ಬಿಸಿ ತಾಗುವುದು ಕಡಿಮೆ.

ಗಾಯ ಆಗುತ್ತದಾ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ 2003-04ರಲ್ಲಿ ಸುಮಾರು 34 ಸಾವಿರ ಟಾನ್ಸಿಲ್ ಆಪರೇಷನ್‌ಗಳನ್ನು ಲೆಕ್ಕ ಇಟ್ಟು ನೋಡಿದರು. ಬಿಸಿ ಬಳಸಿದ ವಿಧಾನಗಳಲ್ಲಿ ಆಮೇಲೆ ರಕ್ತ ಬರುವುದು ಜಾಸ್ತಿ ಇತ್ತು. ಬರೀ ಉಪಕರಣದಿಂದ ಬಿಡಿಸಿ, ಒತ್ತಿ ಹಿಡಿದು, ದಾರ ಕಟ್ಟಿ ನಿಲ್ಲಿಸಿದವರಲ್ಲಿ ಕಡಿಮೆ. ಬಿಸಿ ಬೇಡವೇ ಬೇಡ ಎಂದಲ್ಲ. ಎಷ್ಟು ಬೇಕೋ ಅಷ್ಟೇ, ಎಲ್ಲಿ ಬೇಕೋ ಅಲ್ಲೇ. ರಕ್ತ ಬರುವ ಬಿಂದುವನ್ನು ನೋಡಿ ಮುಟ್ಟಬೇಕು. ಕೆಂಪಾಗಿ ಕಂಡಿದ್ದನ್ನೆಲ್ಲ ಸುಡುತ್ತಾ ಹೋದರೆ ನೋವೂ ಜಾಸ್ತಿ, ವಾಸಿಯಾಗುವುದೂ ತಡ.

ಆಪರೇಷನ್ ನಡುವೆ ರಕ್ತ ಜಾಸ್ತಿ ಬಂದರೆ ಏನು ಮಾಡುತ್ತೀರಿ?

ಮೊದಲು ಕೆಲಸ ನಿಲ್ಲಿಸುತ್ತೇವೆ. ಹತ್ತಿ ಪಟ್ಟಿ ಇಟ್ಟು, ಒತ್ತಿ, ಕೆಲವು ನಿಮಿಷ ಕೈ ತೆಗೆದು ಕೂರುತ್ತೇವೆ. ಆ ಹೊತ್ತಿನಲ್ಲಿ ಅರಿವಳಿಕೆ ಡಾಕ್ಟರ್ ಬಿಪಿ, ಬಡಿತ ನೋಡುತ್ತಾರೆ. ತಲೆ ಎತ್ತರದಲ್ಲಿದೆಯಾ, ಕತ್ತು ತಿರುಚಿಕೊಂಡು ಸಿರೆ ಒತ್ತಿಹೋಗಿದೆಯಾ ಎಂದು ಪರೀಕ್ಷೆ ಆಗುತ್ತದೆ. ಎರಡೂ ಕಡೆ ಆಪರೇಷನ್ ಇದ್ದರೆ ಒಂದು ಕಡೆ ಪಟ್ಟಿ ಇಟ್ಟು ಇನ್ನೊಂದು ಕಡೆ ಕೆಲಸ ಮುಂದುವರಿಸುವುದೂ ಇದೆ.

40ರಿಂದ 50 ಡಿಗ್ರಿ ಬಿಸಿಯ ಸಲೈನ್‌ನಿಂದ ಮೂಗು ತೊಳೆಯುವುದು ಇನ್ನೊಂದು ಉಪಾಯ. ಬಿಸಿಗೆ ರಕ್ತ ಜಾಸ್ತಿ ಬರಬೇಕಲ್ಲ ಎನ್ನಿಸುತ್ತದೆ. ಆದರೆ ಆ ಬಿಸಿಗೆ ಪೊರೆ ಸ್ವಲ್ಪ ಊದಿ ಸಣ್ಣ ನಾಳಗಳನ್ನು ಒತ್ತುತ್ತದೆ, ಹೆಪ್ಪುಗಟ್ಟುವ ಕೆಲಸವೂ ಚುರುಕಾಗುತ್ತದೆ. ಇಷ್ಟಕ್ಕೂ ಜಗ್ಗದಿದ್ದರೆ ನಾಳವನ್ನೇ ಹುಡುಕಿ ಬೈಪೋಲಾರ್ ಅಥವಾ ಕ್ಲಿಪ್ ಹಾಕುತ್ತೇವೆ. ಕರಗುವ ಜೆಲಾಟಿನ್ ಸ್ಪಂಜು, ಆಕ್ಸಿಡೈಸ್ಡ್ ಸೆಲ್ಯುಲೋಸ್ ಹಾಳೆ, ಹೆಪ್ಪು ಕಟ್ಟಿಸುವ ಥ್ರಾಂಬಿನ್ ಬೆರೆಸಿದ ಜೆಲ್ ಕೂಡ ಕೈಗೆ ಸಿಗುವ ಹಾಗೆ ಇರುತ್ತವೆ.

ಏನು ಮಾಡಿದರೂ ಜಾಗ ಕಾಣದಿದ್ದರೆ ಆಪರೇಷನ್ ಅಷ್ಟಕ್ಕೇ ನಿಲ್ಲಿಸಿ ಇನ್ನೊಂದು ದಿನ ಮಾಡುವುದು ಸರಿಯಾದ ತೀರ್ಮಾನ. ಹಾಗೆ ನಿಲ್ಲಿಸಿದ ಸರ್ಜನ್ ಮೇಲೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಸೈನಸ್ ಆಪರೇಷನ್‌ನಲ್ಲಿ ಕಣ್ಣಿಗೆ ಬಟ್ಟೆ ಮುಚ್ಚದೆ ಬಿಡುವುದು ಯಾಕೆ?

ಒಳಗೆ ಏನಾಗುತ್ತಿದೆ ಎಂಬುದು ಕಣ್ಣಿನಲ್ಲಿ ಮೊದಲು ಗೊತ್ತಾಗುತ್ತದೆ. ಮುಂದಿನ ಎಥ್ಮಾಯ್ಡ್ ನಾಳ ತುಂಡಾದರೆ ಅದರ ತುದಿ ಕಣ್ಣಿನ ಗುಳಿಯೊಳಗೆ ಎಳೆದುಕೊಂಡು ಹೋಗಿ ಅಲ್ಲೇ ರಕ್ತ ಸುರಿಸಬಹುದು. ಕಣ್ಣು ಮುಂದಕ್ಕೆ ಬರುತ್ತದೆ, ರೆಪ್ಪೆ ಕಪ್ಪಾಗಿ ಬಿಗಿಯುತ್ತದೆ, ಮುಟ್ಟಿದರೆ ಕಲ್ಲಾಗಿರುತ್ತದೆ. ನೋಟದ ನರ ಆ ಒತ್ತಡವನ್ನು ಹೆಚ್ಚೆಂದರೆ ಒಂದು, ಒಂದೂವರೆ ಗಂಟೆ ತಡೆದೀತು. ಆಗ ಮೂಗಿನ ಪ್ಯಾಕ್ ತೆಗೆದು, ಕಣ್ಣಿನ ಹೊರಮೂಲೆಯಲ್ಲಿ ಸಣ್ಣದಾಗಿ ಕತ್ತರಿಸಿ ಒತ್ತಡ ಇಳಿಸುತ್ತೇವೆ. ಇದು ಅಪರೂಪ. ಆದರೂ ಪಕ್ಕದಲ್ಲಿ ನಿಂತ ಸಿಸ್ಟರ್ ಆಗಾಗ ಕಣ್ಣು ನೋಡುತ್ತಿರಬೇಕು.

ಇದಕ್ಕಿಂತಲೂ ಅಪರೂಪದ್ದು, ಮೂಗಿನ ತೀರಾ ಹಿಂದಿರುವ ಸ್ಫೀನಾಯ್ಡ್ ಸೈನಸ್‌ನ ಪಕ್ಕದ ಕ್ಯಾರೋಟಿಡ್ ನಾಳಕ್ಕೇ ಪೆಟ್ಟಾಗುವುದು. ರಕ್ತ ಧಾರಾಕಾರವಾಗಿ ಬರುತ್ತದೆ. ಎರಡು ದೊಡ್ಡ ಸಕ್ಷನ್ ಇಟ್ಟು, ರೋಗಿಯ ತೊಡೆಯಿಂದಲೋ ಬೇರೆ ಕಡೆಯಿಂದಲೋ ಸ್ನಾಯುವಿನ ತುಂಡು ತೆಗೆದು, ಜಜ್ಜಿ, ತೂತಿನ ಮೇಲೆ ಕೆಲವು ನಿಮಿಷ ಒತ್ತಿ ಹಿಡಿಯುತ್ತಾರೆ. ಜಜ್ಜಿದ ಸ್ನಾಯು ಅಲ್ಲಿ ಹೆಪ್ಪು ಕಟ್ಟಿಸುತ್ತದೆ. ನಂತರ ಆಂಜಿಯೋಗ್ರಾಂ ಮಾಡಿ ಒಳಗಿನಿಂದ ಮುಚ್ಚುವ ಏರ್ಪಾಡು.

ಕಿವಿಯ ಆಪರೇಷನ್‌ನಲ್ಲೂ ರಕ್ತದ ತೊಂದರೆ ಇದೆಯಾ?

ಪ್ರಮಾಣ ತೀರಾ ಕಡಿಮೆ, ಆದರೆ ಸಹಿಸುವ ಶಕ್ತಿ ಅದಕ್ಕಿಂತ ಕಡಿಮೆ. ಕಿವಿಯೊಳಗಿನ ಸ್ಟೇಪಿಸ್ ಮೂಳೆ ಸುಮಾರು 3 ಮಿ.ಮೀ. ಎತ್ತರ. ಅದರ ಸುತ್ತ ಒಂದು ಹನಿ ರಕ್ತ ನಿಂತರೂ ಮೈಕ್ರೋಸ್ಕೋಪ್‌ನಲ್ಲಿ ಮೂಳೆಯೇ ಮಾಯ. ಕಿವಿಯ ಹಿಂದೆ ಅಡ್ರಿನಲಿನ್ ಚುಚ್ಚಿ ಕಾಯುವುದು, ಅದರಲ್ಲೇ ನೆನೆಸಿದ ಜೆಲಾಟಿನ್ ಸ್ಪಂಜಿನ ಚೂರು ಇಡುವುದು, ಇಷ್ಟರಲ್ಲೇ ಬಹುಪಾಲು ಕೆಲಸ ಆಗುತ್ತದೆ. ಮುಖದ ನರ ಅಲ್ಲೇ ಹಾದುಹೋಗುವುದರಿಂದ ಒಳಗೆ ಮಾನೋಪೋಲಾರ್ ಕಾಟರಿ (ಕರೆಂಟ್ ಮೈಯೊಳಗೆ ಹಾದುಹೋಗುವ ಬಗೆ) ಬಳಸುವುದಿಲ್ಲ.

ಮೂಳೆಯಿಂದ ಜಿನುಗಿದರೆ ವಜ್ರದ ಪುಡಿ ಹಚ್ಚಿದ ಡ್ರಿಲ್ ಆಡಿಸುತ್ತೇವೆ. ಮೂಳೆಯ ಹುಡಿ ಸಣ್ಣ ರಂಧ್ರಗಳಲ್ಲಿ ಕೂತು ರಕ್ತ ನಿಲ್ಲುತ್ತದೆ. ಬೋನ್ ವ್ಯಾಕ್ಸ್ ಎಂಬ ಮೇಣವೂ ಇದೆ. ಮ್ಯಾಸ್ಟಾಯ್ಡ್ (ಕಿವಿಯ ಹಿಂದಿನ ಮೂಳೆ) ಕೊರೆಯುವಾಗ ಅಲ್ಲಿನ ಸಿಗ್ಮಾಯ್ಡ್ ಎಂಬ ದೊಡ್ಡ ಸಿರೆ ತೆರೆದುಕೊಂಡರೆ ಕಪ್ಪು ರಕ್ತ ಉಕ್ಕುತ್ತದೆ. ನೋಡಿದವರಿಗೆ ಜೀವ ಬಾಯಿಗೆ ಬರುತ್ತದೆ. ಆದರೆ ಅದು ಸಿರೆ, ಒತ್ತಡ ಕಡಿಮೆ. ಬೆರಳಿಟ್ಟು, ಸ್ಪಂಜಿನ ದೊಡ್ಡ ಚೂರನ್ನು ಮೇಲಿನಿಂದ ಒತ್ತಿದರೆ ನಿಲ್ಲುತ್ತದೆ. ಚೂರು ಸಿರೆಯ ಒಳಗೆ ಜಾರದ ಹಾಗೆ ನೋಡಿಕೊಳ್ಳಬೇಕು ಅಷ್ಟೇ.

ಮಗುವಿನ ಟಾನ್ಸಿಲ್ ಆಪರೇಷನ್. ಎಷ್ಟು ರಕ್ತ ಹೋದರೆ ಚಿಂತೆ?

ಮಕ್ಕಳ ಮೈಯಲ್ಲಿ ಪ್ರತಿ ಕಿಲೋ ತೂಕಕ್ಕೆ 70-80 ಮಿ.ಲೀ. ರಕ್ತ ಇರುತ್ತದೆ. 15 ಕಿಲೋ ಮಗುವಿನಲ್ಲಿ ಒಟ್ಟು 1,100 ಮಿ.ಲೀ. ಆಸುಪಾಸು. ದೊಡ್ಡವರಿಗೆ ಏನೂ ಅನ್ನಿಸದ 110 ಮಿ.ಲೀ. ಆ ಮಗುವಿಗೆ ಹತ್ತರಲ್ಲಿ ಒಂದು ಪಾಲು. ಹಾಗಾಗಿ ಸಕ್ಷನ್ ಬಾಟಲಿಯ ಗೆರೆ ನೋಡುತ್ತಲೇ ಇರುತ್ತೇವೆ.

ಕೊನೆಯಲ್ಲಿ ಬಾಯಿ ಅಗಲಿಸಿದ ಉಪಕರಣವನ್ನು ಸಡಿಲಿಸಿ ಇನ್ನೊಮ್ಮೆ ನೋಡಬೇಕು. ಬಿಗಿದಿದ್ದಾಗ ಒತ್ತಿಹೋಗಿದ್ದ ನಾಳ ಸಡಿಲಿಸಿದಾಗ ತೆರೆದುಕೊಳ್ಳುವುದುಂಟು. ಕಿರುನಾಲಿಗೆಯ ಹಿಂದೆ, ಮೂಗಿನ ಹಿಂಭಾಗದಲ್ಲಿ ಹೆಪ್ಪು ಅಡಗಿ ಕೂತಿರಬಹುದು. ಅದು ಎಚ್ಚರವಾಗುವಾಗ ಜಾರಿ ಶ್ವಾಸನಾಳಕ್ಕೆ ಬಿದ್ದರೆ ಉಸಿರೇ ಕಟ್ಟುತ್ತದೆ. ಅಲ್ಲಿ ಸಕ್ಷನ್ ಹಾಕದೆ, ಗಂಟಲಿಗೆ ತುಂಬಿದ ಪ್ಯಾಕ್ ಹೊರಗೆ ಬಂತು ಎಂದು ಎಣಿಸಿ ಬರೆಯದೆ ಟ್ಯೂಬ್ ತೆಗೆಯುವ ಹಾಗಿಲ್ಲ.

ಟಾನ್ಸಿಲ್ ತೆಗೆಸಿ ವಾರ ಆಯಿತು. ಈಗ ರಕ್ತ ಬರುತ್ತಿದೆ. ಯಾಕೆ?

ರಕ್ತ ಬರುವ ಅಪಾಯ ಎರಡು ಹೊತ್ತಿನಲ್ಲಿ ಹೆಚ್ಚು. ಮೊದಲ 24 ಗಂಟೆ ಒಂದು. 5ರಿಂದ 10ನೇ ದಿನದ ನಡುವೆ ಇನ್ನೊಂದು. ಗಾಯದ ಮೇಲೆ ಕಟ್ಟಿದ ಬಿಳಿ ಪೊರೆ ಆಗ ಉದುರುತ್ತದೆ.

ಒಂದು ಚಮಚ ಕೆಂಪು ರಕ್ತ ಬಂದು ತಾನಾಗಿ ನಿಂತರೂ ಆಸ್ಪತ್ರೆಗೆ ಬನ್ನಿ. ಸಣ್ಣದಾಗಿ ಬಂದು ನಿಂತದ್ದು ಕೆಲವು ಗಂಟೆ ಬಿಟ್ಟು ಜೋರಾಗಿ ಬರಬಹುದು. ಚಿಕ್ಕ ಮಕ್ಕಳು ಉಗುಳುವುದಿಲ್ಲ, ನುಂಗುತ್ತಾರೆ. ನಿದ್ದೆಯಲ್ಲಿ ಮಗು ಪದೇ ಪದೇ ಗುಟುಕು ನುಂಗುತ್ತಿದ್ದರೆ, ಮುಖ ಬಿಳಿಚಿದ್ದರೆ, ನಾಡಿ ಜೋರಾಗಿದ್ದರೆ, ಕಂದು ಬಣ್ಣದ ವಾಂತಿ ಆದರೆ ರಕ್ತ ಒಳಗೆ ಹೋಗುತ್ತಿದೆ ಎಂದು ತಿಳಿಯಿರಿ. ರಾತ್ರಿ ಎರಡು ಗಂಟೆಯಾದರೂ ಸರಿ, ಬೆಳಗಾಗಲಿ ಎಂದು ಕಾಯಬೇಡಿ. ಹೊರಡುವ ಮುಂಚೆ ಊಟ, ಹಾಲು ಏನೂ ಕೊಡಬೇಡಿ, ಮತ್ತೆ ಅರಿವಳಿಕೆ ಬೇಕಾಗಬಹುದು.

ಥೈರಾಯ್ಡ್ ಆಪರೇಷನ್ ಆದ ಮೇಲೆ ಕತ್ತು ಊದಿದರೆ?

ಈ ಒಂದು ಉತ್ತರವನ್ನು ವಾರ್ಡಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ನೆನಪಿಡಬೇಕು ಎಂಬುದು ನನ್ನ ಕಳಕಳಿ. ಕತ್ತಿನೊಳಗೆ ರಕ್ತ ತುಂಬಿಕೊಂಡರೆ ಅದು ಸಿರೆಗಳನ್ನು ಒತ್ತಿ, ಧ್ವನಿಪೆಟ್ಟಿಗೆಯ ಒಳಗೇ ಊತ ತರುತ್ತದೆ. ರೋಗಿ ಮೊದಲು ಚಡಪಡಿಸುತ್ತಾರೆ, ದನಿ ಬದಲಾಗುತ್ತದೆ, ಕತ್ತು ಬಿಗಿಯುತ್ತಿದೆ ಎನ್ನುತ್ತಾರೆ. ಆಕ್ಸಿಜನ್ ಅಂಕಿ ಇಳಿಯುವುದು ಕೊನೆಗೆ. ಅಂಕಿ ಇಳಿಯಲಿ ಎಂದು ಕಾದರೆ ಹೊತ್ತು ಮೀರಿರುತ್ತದೆ. ಉಸಿರು ಕಟ್ಟುತ್ತಿದ್ದರೆ ಥಿಯೇಟರ್ ಖಾಲಿಯಾಗಲಿ ಎಂದು ಕಾಯುವ ಹಾಗಿಲ್ಲ. ಹಾಸಿಗೆಯ ಪಕ್ಕದಲ್ಲೇ ಹೊಲಿಗೆ ಬಿಚ್ಚಿ, ಒಳಗಿನ ಸ್ನಾಯುವಿನ ಪದರ ತೆರೆದು, ಹೆಪ್ಪು ಹೊರಗೆ ತೆಗೆಯಬೇಕು. ಹೊಲಿಗೆ ಬಿಚ್ಚುವ ಸಲಕರಣೆ ಆ ರೋಗಿಯ ಬಳಿಯೇ ಇರಬೇಕು.

ಇದನ್ನು ತಪ್ಪಿಸಲು ಹೊಲಿಯುವ ಮುಂಚೆ ಅರಿವಳಿಕೆ ಡಾಕ್ಟರ್ ಶ್ವಾಸಕೋಶಕ್ಕೆ ಗಾಳಿ ತುಂಬಿ ಕೆಲವು ಸೆಕೆಂಡು ಹಿಡಿಯುತ್ತಾರೆ. ಸಿರೆಗಳ ಒತ್ತಡ ಏರುತ್ತದೆ. ಅಡಗಿದ್ದ ನಾಳ ಇದ್ದರೆ ಆಗಲೇ ರಕ್ತ ತೋರಿಸಿಬಿಡುತ್ತದೆ.

ಹದಿಹರೆಯದ ಹುಡುಗನ ಮೂಗಿನಲ್ಲಿ ಗಡ್ಡೆ. ತುಂಡು ತೆಗೆದು ಪರೀಕ್ಷೆ ಮಾಡದೆ ಸ್ಕ್ಯಾನ್ ಯಾಕೆ?

ಒಂದೇ ಕಡೆ ಮೂಗು ಕಟ್ಟಿ, ಆಗಾಗ ರಕ್ತ ಸುರಿಯುವ ಹುಡುಗರಲ್ಲಿ ಆಂಜಿಯೋಫೈಬ್ರೋಮಾ ಎಂಬ ಗಡ್ಡೆಯ ಅನುಮಾನ ಬರುತ್ತದೆ. ಕ್ಯಾನ್ಸರ್ ಅಲ್ಲ, ಆದರೆ ಪೂರ್ತಿ ರಕ್ತನಾಳಗಳೇ. ಕ್ಲಿನಿಕ್‌ನಲ್ಲಿ ತುಂಡು ತೆಗೆಯಲು ಹೋದರೆ ರಕ್ತ ನಿಲ್ಲಿಸುವುದು ಕಷ್ಟ. ಅದಕ್ಕೇ ಮೊದಲು ಸ್ಕ್ಯಾನ್. ಆಪರೇಷನ್‌ಗೆ ಒಂದರಿಂದ ಮೂರು ದಿನ ಮುಂಚೆ, ತೊಡೆಯ ನಾಳದಿಂದ ಸಣ್ಣ ನಳಿಕೆ ಏರಿಸಿ ಗಡ್ಡೆಗೆ ರಕ್ತ ಕೊಡುವ ನಾಳಗಳನ್ನು ಮುಚ್ಚುತ್ತಾರೆ. ಇದನ್ನು ಎಂಬೋಲೈಸೇಷನ್ ಎನ್ನುತ್ತಾರೆ. ಹೊತ್ತು ಮೀರಿದರೆ ಬೇರೆ ದಾರಿಯಿಂದ ರಕ್ತ ಮತ್ತೆ ಬರಲು ಶುರುವಾಗುತ್ತದೆ.

ಮೂಗಿಗೆ ಪ್ಯಾಕ್ ಹಾಕಲೇಬೇಕಾ? ತೆಗೆಯುವಾಗ ನೋವಂತೆ.

ಎಲ್ಲರಿಗೂ ಬೇಕಿಲ್ಲ. ಜಾಗ ಒಣಗಿದ್ದರೆ ಹಾಕದೆಯೇ ಬಿಡಬಹುದು. ತಾನಾಗಿ ಕರಗುವ ಪ್ಯಾಕ್‌ಗಳೂ ಇವೆ. ಕರಗದ್ದನ್ನು ಸಾಮಾನ್ಯವಾಗಿ ಒಂದೆರಡು ದಿನಕ್ಕೆ ತೆಗೆಯುತ್ತಾರೆ. ಸಲೈನ್‌ನಲ್ಲಿ ಚೆನ್ನಾಗಿ ನೆನೆಸಿ ನಿಧಾನ ಎಳೆದರೆ ನೋವು ಎಷ್ಟೋ ಕಡಿಮೆ.

ಮನೆಗೆ ಹೋದ ಮೇಲೆ ಮೂಗಿನಿಂದ ರಕ್ತ ಬಂದರೆ?

ಸೈನಸ್ ಆಪರೇಷನ್ ಆದ ಮೇಲೆ ಕೆಲವು ದಿನ ತಿಳಿಗೆಂಪು ನೀರು ಒಸರುವುದು ಸಹಜ. ಎರಡು ದಿಂಬು ಇಟ್ಟು ತಲೆ ಎತ್ತರದಲ್ಲಿ ಮಲಗಿ. ಮೂಗು ಸೀದಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಭಾರ ಎತ್ತಬೇಡಿ, ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ. ತಿಣುಕಿದರೆ ತಲೆಯ ಸಿರೆಗಳ ಒತ್ತಡ ಏರುತ್ತದೆ.

ಕೆಂಪು ರಕ್ತ ಬಂದರೆ ಕುಳಿತುಕೊಂಡು ಮುಂದಕ್ಕೆ ಬಾಗಿ. ತಲೆ ಹಿಂದಕ್ಕೆ ಹಾಕಬೇಡಿ, ರಕ್ತ ಗಂಟಲಿಗೆ ಇಳಿಯುತ್ತದೆ. ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಿನಿಂದ ಬಿಗಿಯಾಗಿ ಹಿಡಿದು 10-15 ನಿಮಿಷ ಬಿಡದೆ ಒತ್ತಿ. ನಿಂತಿತಾ ಎಂದು ನಡುವೆ ಬಿಟ್ಟು ನೋಡಬೇಡಿ, ಕಟ್ಟುತ್ತಿದ್ದ ಹೆಪ್ಪು ಹರಿದುಹೋಗುತ್ತದೆ. ಬಾಯಿಯಿಂದ ಉಸಿರಾಡಿ, ಗಂಟಲಿಗೆ ಬಂದದ್ದನ್ನು ಉಗುಳಿ. ಅಷ್ಟಕ್ಕೂ ನಿಲ್ಲದಿದ್ದರೆ, ರಕ್ತ ಧಾರೆಯಾಗಿ ಬಂದರೆ, ಕಣ್ಣು ಊದಿದರೆ ಅಥವಾ ನೋಟ ಮಂಜಾದರೆ ತಕ್ಷಣ ಹೊರಡಿ. ನಿಮ್ಮ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಯಾವ ಆಪರೇಷನ್ ಆಗಿದೆ, ಒಳಗೆ ಪ್ಯಾಕ್ ಇದೆಯಾ, ಯಾವ ಮಾತ್ರೆ ನಡೆಯುತ್ತಿದೆ ಎಂಬುದು ತುರ್ತು ವಿಭಾಗದವರಿಗೆ ಅದರಿಂದಲೇ ಗೊತ್ತಾಗುವುದು.